ಪೇಂಟ್ ಹೊಡೆದ ಮೆಷಿನ್ ಬಿಟ್ಟು ತುಕ್ಕು ಹಿಡಿದದ್ದನ್ನ ಮನೆಗೆ ತಂದ ದಿನ

ಎರಡು ವರ್ಷದ ಹಿಂದೆ ನಂಗೆ ಎಡಗಾಲಿನ ಹಿಮ್ಮಡಿಯಿಂದ ಮೂರು ಬೆರಳು ಮೇಲೆ ನೋವು ಶುರುವಾಯ್ತು, ಅಕಿಲಿಸ್ ಅಂತಾರಲ್ಲ ಆ ದಪ್ಪ ಹಗ್ಗದ ಥರ ಇರೋ ಟೆಂಡನ್, ಅಲ್ಲಿ. ಬೆಳಿಗ್ಗೆ ಹಾಸಿಗೆಯಿಂದ ಎದ್ದು ಮೊದಲ ಹತ್ತು ಹೆಜ್ಜೆ ಗೋಡೆ ಹಿಡ್ಕೊಂಡೇ ಇಡ್ಬೇಕು, ಆಮೇಲೆ ನಡೀತಾ ನಡೀತಾ ಸಡಿಲ ಆಗೋದು, ಸರಿ ಹೋಯ್ತು ಅಂತ ಓಡಿದ್ರೆ ಮಾರನೇ ದಿನ ಮತ್ತೆ ಅದೇ ಕಥೆ. ಫಿಸಿಯೋ ಹತ್ರ ಹೋದೆ. ರೆಸ್ಟ್ ತಗೊಳ್ಳಿ ಅಂತಾರೆ ಅನ್ಕೊಂಡಿದ್ದೆ, ಅವರು ಹೇಳಿದ್ದು ಪೂರಾ ಉಲ್ಟಾ, ಈ ಟೆಂಡನ್‌ಗೆ ಭಾರ ಬೇಕು, ನಿಧಾನಕ್ಕೆ ಏರಿಸ್ತಾ ಹೋಗ್ಬೇಕು ಅಂದ್ರು. ಮೆಟ್ಟಿಲ ತುದೀಲಿ ನಿಂತು ಹಿಮ್ಮಡಿನ ನಿಧಾನಕ್ಕೆ ಕೆಳಗೆ ಇಳಿಸೋದು, 15 ಸಲದಂತೆ 3 ಸೆಟ್, ಮಂಡಿ ನೆಟ್ಟಗಿಟ್ಟು ಒಂದ್ಸಲ, ಮಂಡಿ ಮಡಚಿ ಇನ್ನೊಂದ್ಸಲ, ದಿನಕ್ಕೆ ಎರಡು ಹೊತ್ತು, 12 ವಾರ. ಲೆಕ್ಕ ಹಾಕಿದ್ರೆ ದಿನಕ್ಕೆ 180 ಆಗತ್ತೆ. 1998ರಲ್ಲಿ ಸ್ವೀಡನ್ನಿನ ಆಲ್ಫ್ರೆಡ್‌ಸನ್ ಅನ್ನೋ ಡಾಕ್ಟರು ಮತ್ತವರ ಜೊತೆಯವರು ಬರೆದ ಪದ್ಧತಿ ಇದು, ಈಗ್ಲೂ ಬಹಳ ಕಡೆ ಇದನ್ನೇ ಮಾಡಿಸ್ತಾರೆ.

ಮಾಡಿದೆ. ನೋವು ನಿಜವಾಗ್ಲೂ ಇಳೀತಾ ಬಂತು. ಆದ್ರೆ ಭಾರ ಏರಿಸೋ ಹೊತ್ತಿಗೆ ಪ್ರಾಬ್ಲಂ ಶುರು. ಬ್ಯಾಗಲ್ಲಿ ಜಿಮ್ಮಿನ ತೂಕದ ಪ್ಲೇಟ್ ತುಂಬಿ ಬೆನ್ನಿಗೆ ಹಾಕ್ಕೊಂಡು ನಿಂತ್ರೆ ಮೀನಖಂಡ ಸುಸ್ತಾಗೋಕ್ಕಿಂತ ಮುಂಚೆ ಭುಜ ಕೈ ಕೊಡ್ತಿತ್ತು, ಮಂಡಿ ಮಡಚಿ ಮಾಡೋವಾಗಂತೂ ತೊಡೆನೇ ಉರೀತಿತ್ತು, ಬೇಕಾದ ಜಾಗಕ್ಕೆ ಕೆಲಸಾನೇ ಇಲ್ಲ. ಮಂಡಿ ಯಾಕೆ ಮಡಚ್ಬೇಕು ಅಂತ ಕೇಳ್ದಾಗ ಫಿಸಿಯೋ ಚೆನ್ನಾಗಿ ಬಿಡಿಸಿ ಹೇಳಿದ್ರು. ನಮ್ಮ ಮೀನಖಂಡದಲ್ಲಿ ಮುಖ್ಯವಾಗಿ ಎರಡು ಸ್ನಾಯು, ಮೇಲ್ಗಡೆ ಉಬ್ಬಿ ಕಾಣೋದು ಗ್ಯಾಸ್ಟ್ರೋಕ್ನೀಮಿಯಸ್, ಅದು ಮಂಡಿಗಿಂತ ಮೇಲಿಂದ ಶುರುವಾಗತ್ತೆ, ಅದರ ಅಡಿಗೆ ಚಪ್ಪಟೆಯಾಗಿ ಇರೋದು ಸೋಲಿಯಸ್, ಅದು ಮಂಡಿ ಕೆಳಗಿಂದ. ಎರಡೂ ಸೇರೋದು ಅದೇ ಅಕಿಲಿಸ್‌ಗೆ. ಮಂಡಿ ಮಡಚಿದ್ರೆ ಮೇಲಿಂದು ಸಡಿಲಾಗಿ ಬಿಡತ್ತೆ, ಕೆಲಸ ಹೆಚ್ಚಾಗಿ ಒಳಗಿನ ಸೋಲಿಯಸ್ ಮೇಲೆ ಬೀಳತ್ತೆ. ಕೂತ್ಕೊಂಡು ಮಾಡೋ ಕಾಫ್ ಮೆಷಿನ್, ಅಂದ್ರೆ ಮಂಡಿ ಹತ್ರ ಭಾರ ಇಟ್ಕೊಂಡು ಹಿಮ್ಮಡಿ ಎತ್ತಿ ಇಳಿಸೋ ಮೆಷಿನ್, ಇರೋದೇ ಅದಕ್ಕೆ.

ಸರಿ, ಮನೇಲಿ ಒಂದು ರ‍್ಯಾಕು, ಬಾರು, ಪ್ಲೇಟು ಹೇಗೂ ಇದೆ, ಒಂದು ಕಾಫ್ ಮೆಷಿನ್ ಸೇರಿಸೋಣ, ಸೆಕೆಂಡ್ ಹ್ಯಾಂಡೇ ತರೋಣ ಅಂತ ಡಿಸೈಡ್ ಮಾಡಿದೆ. ನಾಲ್ಕು ಕಬ್ಬಿಣದ ಪೈಪು, ಒಂದು ಲಿವರು, ಮೋಟರಿಲ್ಲ ಸ್ಕ್ರೀನಿಲ್ಲ, ಅದರಲ್ಲಿ ಹಳೇದಾಗೋಕೆ ಏನಿದೆ ಅನ್ನೋದು ನನ್ನ ಲೆಕ್ಕಾಚಾರ. ಅದು ಅರ್ಧ ಮಾತ್ರ ಸರಿ ಅಂತ ಆ ಭಾನುವಾರ ಗೊತ್ತಾಯ್ತು.

ಅವತ್ತು ಎರಡು ಮೆಷಿನ್ ನೋಡೋದಿತ್ತು. ಜೊತೆಗೆ ಭಾಮೈದನ್ನ ಕರ್ಕೊಂಡು ಹೋದೆ, ಅವನದ್ದು ಫ್ಯಾಬ್ರಿಕೇಶನ್ ಕೆಲಸ, ಕಬ್ಬಿಣ ಅಂದ್ರೆ ಅವನಿಗೆ ಅಂಗೈ ನೋಡ್ಕೊಂಡ ಹಾಗೆ. ಮೊದಲನೇದು ನಿಂತ್ಕೊಂಡು ಮಾಡೋದು, ಭುಜದ ಮೇಲೆ ಪ್ಯಾಡ್ ಬರತ್ತೆ, ಹಿಂದೆ ಒಂದರ ಮೇಲೊಂದು ತೂಕದ ಪ್ಲೇಟು ಪೇರಿಸಿರೋ ವೆಯ್ಟ್ ಸ್ಟ್ಯಾಕು, ಕೇಬಲ್ಲು, ಪುಲ್ಲಿ. ಕಪ್ಪು ಪೇಂಟ್ ಪಳ ಪಳ ಅಂತಿತ್ತು, ಪ್ಯಾಡಿಗೆ ಹೊಸ ರೆಗ್ಸಿನ್. ನಂಗೆ ನೋಡಿದ ತಕ್ಷಣ ಮನಸ್ಸು ಹೋಯ್ತು, ಸೀಟೆಡ್ ಬೇಕು ಅಂತ ಹೊರಟವನು ಇದನ್ನೇ ತಗೊಂಡ್ಬಿಡೋಣ ಅನ್ನೋ ಹಾಗಾಯ್ತು. ಮಾರೋರು "ಎಲ್ಲಾ ಸರ್ವೀಸ್ ಮಾಡ್ಸಿದೀವಿ ಸರ್, ಕೂರಿಸ್ಕೊಂಡು ಶುರು ಮಾಡೋದಷ್ಟೇ" ಅಂದ್ರು. ಭಾಮೈದ ಮಾತಾಡ್ಲಿಲ್ಲ. ಪುಲ್ಲಿ ಹತ್ರ ಕೇಬಲ್ ಬಗ್ಗೋ ಜಾಗಕ್ಕೆ ಮೊಬೈಲ್ ಟಾರ್ಚ್ ಹಾಕಿದ, ಮೇಲಿನ ಪ್ಲಾಸ್ಟಿಕ್ ಕೋಟಿಂಗ್ ಸೀಳಿ ಒಳಗಿಂದ ಒಂದೆರಡು ಎಳೆ ತಂತಿ ಮೀಸೆ ಥರ ಹೊರಗೆ ಬಂದಿತ್ತು. ಆಮೇಲೆ ಸ್ಟ್ಯಾಕ್ ಜಾರೋ ಎರಡು ಸರಳು, ಅದನ್ನ ಉಗುರಲ್ಲಿ ಸವರಿ ನೋಡು ಭಾವ ಅಂದ, ಸಣ್ಣ ಸಣ್ಣ ಗುಳಿ, ತುಕ್ಕು ತಿಂದಿದ್ದು, ಅದಕ್ಕೇ ಪ್ಲೇಟು ಏರೋವಾಗ ತಡೆದು ತಡೆದು ಏರ್ತಿತ್ತು.

ಕೇಬಲ್ ಬದಲಾಯಿಸಬಹುದು, ಸರಳೂ ಬದಲಾಯಿಸಬಹುದು, ಅದೇನು ದೊಡ್ಡದಲ್ಲ. ಆದ್ರೆ ಭುಜದ ತೋಳು ಫ್ರೇಮಿಗೆ ಸೇರೋ ಕಡೆ ವೆಲ್ಡಿಂಗ್ ಮೇಲೆ ಮಾತ್ರ ಪೇಂಟ್ ಒಂದು ಪದರ ಜಾಸ್ತಿ ದಪ್ಪ ಇತ್ತು. ಅವನು ಅಲ್ಲಿ ಬೆರಳಿಟ್ಟು, ಅರ್ಧ ಸ್ಟ್ಯಾಕಿಗೆ ಪಿನ್ ಹಾಕಿ ಕೈಯಲ್ಲಿ ತೋಳನ್ನ ಮೇಲೆ ಕೆಳಗೆ ಮಾಡಿ ನೋಡು ಅಂತ ನಂಗೆ ಹೇಳ್ದ. ಮಾಡಿದೆ. ಭಾರ ಬಿದ್ದಾಗ ಪೇಂಟಲ್ಲಿ ಕೂದಲೆಳೆಯಷ್ಟು ಗೆರೆ ಬಾಯಿ ಬಿಡ್ತಿತ್ತು, ಭಾರ ಇಳಿಸಿದ್ರೆ ಮುಚ್ಕೊಳ್ತಿತ್ತು. ನಾನು ಎರಡು ಸಲ ನೋಡಿದೆ. ಭುಜದ ಮೇಲೆ ಇಟ್ಕೊಂಡು ಕತ್ತಿನ ಪಕ್ಕ ಭಾರ ಹೊರೋ ಮೆಷಿನ್ ಅದು, ಬಿರುಕು ಮುಚ್ಚೋಕೆ ಪೇಂಟ್ ಹೊಡೆದು ಮಾರೋದಂದ್ರೆ ನಂಗೆ ಈಗ್ಲೂ ಸಿಟ್ಟು ಬರತ್ತೆ. ಬೇಡ ಅಂತ ಹೇಳಿ ಬಂದ್ವಿ. ಗಾಡೀಲಿ ಕೂತ್ಮೇಲೆ "ಭಾವ, ಇನ್ಮುಂದೆ ಪೇಂಟ್ ನೋಡ್ಬೇಡಿ, ಕೀಲು ನೋಡಿ" ಅಂದ.

ಎರಡನೇದು ಒಬ್ಬ ವಯಸ್ಸಾದವರ ಮನೆ ಶೆಡ್ಡಲ್ಲಿ, ಟಾರ್ಪಾಲು ಮುಚ್ಚಿಟ್ಟಿದ್ರು. ತೆಗೆದ್ರೆ ಮೈಯೆಲ್ಲಾ ತುಕ್ಕು, ಮಂಡಿ ಪ್ಯಾಡ್ ಹರಿದು ಒಳಗಿನ ಸ್ಪಂಜು ಅಪ್ಪಚ್ಚಿ. ಅವರು ಹನ್ನೊಂದು ವರ್ಷ ಅದನ್ನ ಬಳಸಿದಾರೆ, ಮಂಡಿ ಆಪರೇಷನ್ ಆದ್ಮೇಲೆ ಬಿಟ್ರಂತೆ. ಪ್ಲೇಟ್ ಹಾಕೋ ಮಾಡೆಲ್, ಕೇಬಲ್ ಗೀಬಲ್ ಏನೂ ಇಲ್ಲ. ಭಾಮೈದ ಲಿವರಿನ ತುದಿ ಹಿಡಿದು ಅಕ್ಕ ಪಕ್ಕಕ್ಕೆ ಅಲ್ಲಾಡಿಸಿದ, ಒಂಚೂರೂ ಆಟ ಇಲ್ಲ. ಮೇಲೆತ್ತಿ ಬಿಟ್ರೆ ಸದ್ದಿಲ್ದೆ ಇಳಿಯೋದು, ಬೇರಿಂಗ್ ಸುತ್ತ ಹಳೇ ಗ್ರೀಸ್ ಮಂದವಾಗಿ ಮೆತ್ಕೊಂಡಿತ್ತು, ಯಾರೋ ವರ್ಷ ವರ್ಷ ಹಾಕಿರೋ ಗ್ರೀಸು. ತುಕ್ಕು ಕೆರೆದ್ರೆ ಪುಡಿ ಬಂತೇ ಹೊರತು ಪದರ ಪದರವಾಗಿ ಏಳ್ಲಿಲ್ಲ, ಒಳಗೆ ಪೈಪು ಗಟ್ಟಿ ಇದೆ ಅಂತ ಅವನು ಸ್ಪ್ಯಾನರಲ್ಲಿ ತಟ್ಟಿ ಹೇಳ್ದ. ಭಾರ ತಡೆಯೋ ಸೇಫ್ಟಿ ಕೊಕ್ಕೆ ಸವೆದಿದೆಯಾ ಅಂತ ಹತ್ತು ಸಲ ಹಾಕಿ ತೆಗೆದು ನೋಡಿದ್ವಿ, ಇದರಲ್ಲಿ ಜಾರಿದ್ರೆ ಪೂರ್ತಿ ಭಾರ ತೊಡೆ ಮೇಲೆ.

ಆಮೇಲೆ ನಾನು ಕೂತೆ, ಇದನ್ನ ಯಾರೂ ತಪ್ಪಿಸ್ಬಾರ್ದು, ಕೂತು ನೋಡ್ದೆ ತಗೊಳ್ಲೇಬಾರ್ದು. ಪ್ಯಾಡ್ ಮಂಡಿ ಚಿಪ್ಪಿನ ಮೇಲೆ ಅಲ್ಲ, ಅದಕ್ಕಿಂತ ಸ್ವಲ್ಪ ಹಿಂದೆ ತೊಡೆಯ ತುದೀಲಿ ಕೂರ್ಬೇಕು, ಪಿನ್ ಮೂರನೇ ತೂತಿಗೆ ಹಾಕಿದಾಗ ನಂಗೆ ಸರಿಯಾಗಿ ಕೂತ್ಕೊಳ್ತು. ಪಾದದ ಮುಂದಿನ ಉಬ್ಬು ಮಾತ್ರ ಹಲಗೆ ಮೇಲಿಟ್ಟು ಹಿಮ್ಮಡಿ ಬಿಟ್ಟೆ. ಕೆಲವು ಮೆಷಿನ್ನಲ್ಲಿ ಹಿಮ್ಮಡಿ ಪೂರ್ತಿ ಇಳಿಯೋಕೆ ಮುಂಚೆನೇ ಲಿವರ್ ಕೆಳಗೆ ಹೋಗಿ ಫ್ರೇಮಿಗೆ ಬಡಿಯತ್ತೆ, ಆಗ ಕೆಳಗಿನ ಸ್ಟ್ರೆಚ್ಚೇ ಸಿಗಲ್ಲ, ನಂಗೆ ಬೇಕಾಗಿದ್ದೇ ಅದು. ಇದರಲ್ಲಿ ಬಡೀಲಿಲ್ಲ. ಎಡಗಾಲಿನ ನೋವಿನ ಜಾಗ ಒಂದ್ಸಲ ಬಿಗಿಯಾಗಿ ಎಳೀತು, ಹಾಗೇ ಸಡಿಲ ಆಯ್ತು.

ಒಂದು ಎಡವಟ್ಟು ಮಾತ್ರ ಇತ್ತು. ನನ್ನ ಪ್ಲೇಟುಗಳದ್ದು 50 ಮಿಲಿಮೀಟರ್ ತೂತು, ಒಲಿಂಪಿಕ್ ಸೈಜು, ಇದರ ಕಂಬಿ ಇದ್ದಿದ್ದು 28. ಫೋನಲ್ಲೇ ಕೇಳ್ಬೇಕಿತ್ತು, ಕೇಳಿರ್ಲಿಲ್ಲ. ಸರಿಯಾದ ಪೈಪ್ ತುಂಡು ಕೊಯ್ದು ತೊಡಿಸಿದ್ರೆ ಆಯ್ತು ಅಂತ ಭಾಮೈದ ಅಂದ, ವಾರದೊಳಗೆ ಮಾಡಿಯೂ ಕೊಟ್ಟ. ಬಿಚ್ಚೋಕ್ಕೆ ಮುಂಚೆ ಪ್ರತಿ ಜಾಯಿಂಟಿನ ಫೋಟೋ ತೆಗೆದು, ನಟ್ಟು ಬೋಲ್ಟು ಎಲ್ಲಾ ಒಂದೇ ಕವರಲ್ಲಿ ಹಾಕಿ ಗಾಡಿಗೆ ಏರಿಸಿದ್ವಿ. ಹೊರಡೋವಾಗ ಆ ಯಜಮಾನ್ರು ಒಳಗೆ ಹೋಗಿ ಚಿಂದಿ ಬಟ್ಟೇಲಿ ಸುತ್ತಿದ್ದ ಇನ್ನೊಂದು ಪಿನ್ ತಂದು ಕೊಟ್ರು, "ಇದು ಕಳೆದ್ರೆ ಈ ಸೈಜು ಸಿಗಲ್ಲಪ್ಪ, ಅದಕ್ಕೇ ಎರಡು ಮಾಡಿಸಿಟ್ಟಿದ್ದೆ" ಅಂತ. ಪಿನ್ನಿಗೂ ಎಣ್ಣೆ ಸವರಿತ್ತು.

ಮನೇಲಿ ವೈರ್ ಬ್ರಷ್ ಹಾಕಿ ಉಜ್ಜಿ, ಪ್ರೈಮರ್ ಬಳಿದು, ಪ್ಯಾಡ್ ಹೊಸದು ಹೊಲಿಸಿ, ಜೋಡಿಸಿ ಟೇಪ್ ಹಿಡಿದೆ. ಲಿವರ್ ತಿರುಗೋ ಕೀಲಿಂದ ಪ್ಯಾಡಿಗೆ 40 ಸೆಂಟಿಮೀಟರ್, ಕೀಲಿಂದ ಪ್ಲೇಟಿಗೆ 60. ಅಂದ್ರೆ 20 ಕೆಜಿ ಹಾಕಿದ್ರೆ ಮಂಡಿ ಮೇಲೆ 30 ಕೆಜಿ ಬೀಳತ್ತೆ, ಲಿವರಿನ ತೂಕ ಬೇರೆ. ಇದು ಗೊತ್ತಿಲ್ದೆ ಬೇರೆ ಮೆಷಿನ್ನಲ್ಲಿ ಎತ್ತೋ ಲೆಕ್ಕಾನೇ ಇಲ್ಲೂ ಹಾಕಿದ್ರೆ ಟೆಂಡನ್ ಮತ್ತೆ ಮುನಿಸ್ಕೊಳ್ಳತ್ತೆ, ಅದಕ್ಕೇ 5 ಕೆಜಿಯಿಂದ ಶುರು ಮಾಡಿದೆ.

ಹಾಗಂತ ಕೂತ್ಕೊಂಡು ಮಾಡೋದೊಂದೇ ಸಾಕು ಅಂತ ನಾನು ಹೇಳಲ್ಲ. 2023ರಲ್ಲಿ ಜಪಾನಿನಲ್ಲಿ 14 ಜನರಿಗೆ 12 ವಾರ ಒಂದು ಕಾಲಿಗೆ ನಿಂತು, ಇನ್ನೊಂದು ಕಾಲಿಗೆ ಕೂತು ಕಾಫ್ ರೈಸ್, ಅಂದ್ರೆ ಹಿಮ್ಮಡಿ ಎತ್ತಿ ಇಳಿಸೋದು, ಮಾಡಿಸಿ ನೋಡಿದಾರೆ, ಸೋಲಿಯಸ್ ಎರಡರಲ್ಲೂ ಹೆಚ್ಚು ಕಡಿಮೆ ಒಂದೇ ಥರ ಬೆಳೀತು, ಮೇಲಿನ ಗ್ಯಾಸ್ಟ್ರೋಕ್ನೀಮಿಯಸ್ ಮಾತ್ರ ನಿಂತು ಮಾಡಿದ ಕಾಲಲ್ಲೇ ಜಾಸ್ತಿ ಬೆಳೀತು. ಅದಕ್ಕೆ ಮೆಟ್ಟಿಲು ನಾನು ಬಿಟ್ಟಿಲ್ಲ, ಮಂಡಿ ನೆಟ್ಟಗಿಟ್ಟು ಮಾಡೋದು ಇನ್ನೂ ಅಲ್ಲೇ.

ನಿಂತು ಮಾಡೋ ಮೆಷಿನ್ನೂ ಹುಡುಕ್ತಾ ಇದೀನಿ. ಈಗ ಯಾರಾದ್ರೂ ಇದೆ ಅಂದ್ರೆ ಪೂರ್ತಿ ಮೆಷಿನ್ ಫೋಟೋ ಆಮೇಲೆ ಕಳ್ಸಿ, ಮೊದಲು ಭುಜದ ತೋಳಿನ ವೆಲ್ಡಿಂಗು ಮತ್ತೆ ಪುಲ್ಲಿ ಹತ್ರದ ಕೇಬಲ್ಲು ತೆಗೆದು ಕಳ್ಸಿ ಅಂತೀನಿ, ಎತ್ತರ ಎಷ್ಟು ಅಂತಾನೂ ಕೇಳ್ತೀನಿ, ತುದಿಗಾಲಲ್ಲಿ ಎದ್ದಾಗ ತಲೆ ಸೀಲಿಂಗಿಗೆ ತಾಗ್ಬಾರ್ದಲ್ಲ. ಹೋದ ವಾರ ಒಬ್ರು ಎರಡನ್ನೂ ಕಳ್ಸಿದ್ರು, ವೆಲ್ಡಿಂಗ್ ಮೇಲೆ ಪೇಂಟೇ ಇಲ್ಲ, ಬರೀ ತುಕ್ಕು. ಭಾಮೈದನಿಗೆ ಫಾರ್ವರ್ಡ್ ಮಾಡಿದೀನಿ, ಭಾನುವಾರ ಹೋಗೋಣ ಭಾವ ಅಂದಿದಾನೆ.