ಬಿಳಿ ಪಟ್ಟೆ, ಒದ್ದೆ ರಸ್ತೆ

ಇವತ್ತು ಬೆಳಿಗ್ಗೆ ಸೌತ್ ಎಂಡ್ ಸರ್ಕಲ್ ಹತ್ತಿರ ಸೈಕಲ್ಲಿನ ಹಿಂದಿನ ಚಕ್ರ ಒಂದು ಗೇಣು ಪಕ್ಕಕ್ಕೆ ಜಾರಿತು. ಬೀಳಲಿಲ್ಲ. ಆದರೆ ಆಫೀಸು ಮುಟ್ಟುವವರೆಗೂ ಎದೆ ಡವಡವ.

ಇಳಿದು ನೋಡಿದೆ. ಗುಂಡಿ ಅಲ್ಲ, ಕೆಸರೂ ಅಲ್ಲ. ಜೀಬ್ರಾ ಕ್ರಾಸಿಂಗಿನ ಬಿಳಿ ಪಟ್ಟೆ! ಒಣಗಿದ್ದಾಗ ಗಮನಕ್ಕೇ ಬರದ ಆ ಬಣ್ಣ, ಮಳೆ ಬಿದ್ದರೆ ಸೋಪು ಹಚ್ಚಿದ ಹಾಗೆ.

ಹಿಂದಿನ ಟೈರು ಸವೆದು ಮಧ್ಯದಲ್ಲಿ ಚಪ್ಪಟೆಯಾಗಿತ್ತು. ಉಗುರಲ್ಲಿ ಒತ್ತಿದರೆ ಮರದ ಹಾಗೆ ಗಟ್ಟಿ. ಇಷ್ಟು ದಿನ ನೋಡೇ ಇರಲಿಲ್ಲ.

ಸಂಜೆ ಹೊಸದು ತರೋಕೆ ಹೋದೆ. "ಮಳೆಗೆ ಇದೇ ಸರಿ ಸಾರ್, ಗ್ರಿಪ್ ಜಾಸ್ತಿ" ಅಂತ ಅಂಗಡಿಯವರು ದಪ್ಪ ಹಲ್ಲಿನ ಟೈರು ತೋರಿಸಿದರು. ಮಣ್ಣಿನ ದಾರಿಗಾದರೆ ಹೌದು. ಡಾಂಬರಿನ ಮೇಲೆ ಆ ಹಲ್ಲುಗಳ ತುದಿ ಮಾತ್ರ ತಾಗುತ್ತದೆ, ಅಲ್ವಾ? ಕಾರಿನ ಹಾಗೆ ನೀರಿನ ಮೇಲೆ ತೇಲುವಷ್ಟು ವೇಗ ನಮ್ಮ ಸೈಕಲ್ಲಿಗಿಲ್ಲ. ಸಣ್ಣ ಟೈರು ನೀರನ್ನು ತಾನೇ ಪಕ್ಕಕ್ಕೆ ತಳ್ಳುತ್ತದೆ. ಹಿಡಿತ ಬರುವುದು ಮೆತ್ತಗಿನ ರಬ್ಬರಿನಿಂದ.

28 ಮಿ.ಮೀ. ಅಗಲದ್ದು ಇದ್ದ ಜಾಗಕ್ಕೆ 32ರದ್ದು ಹಾಕಿಸಿದೆ, ನುಣುಪಾದದ್ದೇ. ಹಿಡಿತ ಹೆಚ್ಚಲಿ ಅಂತ ಗಾಳಿ ಸ್ವಲ್ಪ ಕಡಿಮೆ. ಒಳಗೆ ಪಂಕ್ಚರ್ ತಡೆಯುವ ಪಟ್ಟಿ ಇದೆ. ಒದ್ದೆ ರಬ್ಬರಿಗೆ ಗಾಜಿನ ಚೂರು ಬೇಗ ಇಳಿಯುತ್ತದೆ, ಅದಕ್ಕೆ.

ಆದರೂ ಒದ್ದೆ ಪಟ್ಟೆ, ಮ್ಯಾನ್‌ಹೋಲ್ ಮುಚ್ಚಳದ ಮೇಲೆ ಯಾವ ಟೈರನ್ನೂ ನಂಬೋ ಹಾಗಿಲ್ಲ. ನಾಳೆ ಅಲ್ಲಿ ಬ್ರೇಕ್ ಮುಟ್ಟದೆ, ಹ್ಯಾಂಡಲ್ ನೆಟ್ಟಗೆ ಹಿಡಿದು ದಾಟುತ್ತೇನೆ. ನೀವೂ ಹಾಗೇ ಮಾಡಿ, ಪ್ಲೀಸ್.