ಕಂಟ್ರೋಲ್‌ಗೂ ಝೋನ್ ಬಂತು

ಬೆಳಿಗ್ಗೆ ಲ್ಯಾಬ್ ಬೀಗ ತೆಗೆಯುವ ಮೊದಲೇ ನಾನು ಬಾಗಿಲ ಮುಂದೆ ನಿಂತಿದ್ದೆ. ಎಂ.ಎಸ್ಸಿ. ಎರಡನೇ ವರ್ಷ, ಮೈಕ್ರೋಬಯಾಲಜಿ. ಹಿಂದಿನ ದಿನ ಸಂಜೆ ಇಟ್ಟ ಪ್ಲೇಟುಗಳು ಇನ್‌ಕ್ಯುಬೇಟರ್‌ನಲ್ಲಿದ್ದವು. ರಾತ್ರಿ ಸರಿಯಾಗಿ ನಿದ್ದೆ ಬಂದಿರಲಿಲ್ಲ.

ಪ್ರಾಜೆಕ್ಟ್ ವಿಷಯ ಎಲ್ಲರೂ ತೆಗೆದುಕೊಳ್ಳುವಂಥದ್ದೇ. ಮನೆಮದ್ದಿನ ಗಿಡಗಳಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಶಕ್ತಿ ಇದೆಯಾ, ಆಂಟಿಆಕ್ಸಿಡೆಂಟ್ ಇದೆಯಾ ಅಂತ ನೋಡುವುದು. ನಾನು ಆರಿಸಿಕೊಂಡಿದ್ದು ಐದು: ದೊಡ್ಡಪತ್ರೆ, ಲಕ್ಕಿ ಸೊಪ್ಪು, ತುಂಬೆ, ಒಂದೆಲಗ, ಬೆಟ್ಟದ ನೆಲ್ಲಿಕಾಯಿ. ಎಲ್ಲವೂ ತೀರ್ಥಹಳ್ಳಿ ಹತ್ತಿರದ ನಮ್ಮ ಅತ್ತೆ ಮನೆಯ ಹಿತ್ತಿಲು, ತೋಟ, ಬೇಲಿಯಿಂದ ಬಂದಿದ್ದು. ತಂದ ಸೊಪ್ಪನ್ನು ನೇರ ರುಬ್ಬುವ ಹಾಗಿಲ್ಲ. ಮೊದಲು ಬಾಟನಿ ವಿಭಾಗದಲ್ಲಿ ತೋರಿಸಿ, ಇದು ಇದೇ ಗಿಡ ಅಂತ ಬರೆಸಿಕೊಳ್ಳಬೇಕು. ಆ ಬಾಟನಿ ಮೇಷ್ಟ್ರು ನಾನು 'ಬ್ರಾಹ್ಮಿ' ಅಂತ ಬರೆದಿದ್ದನ್ನು ನೋಡಿ ಚೀಟಿ ವಾಪಸ್ ಕೊಟ್ಟರು. "ಯಾವ ಬ್ರಾಹ್ಮಿ? ಒಂದೆಲಗಾನಾ, ನೀರುಬ್ರಾಹ್ಮಿನಾ? ಎರಡಕ್ಕೂ ಸಂಬಂಧಾನೇ ಇಲ್ಲ." ಸಸ್ಯಶಾಸ್ತ್ರದ ಹೆಸರಲ್ಲಿ ಒಂದು ಸೆಂಟೆಲ್ಲ, ಇನ್ನೊಂದು ಬಕೋಪ. ಜನ ಎರಡನ್ನೂ ಬ್ರಾಹ್ಮಿ ಅಂತಲೇ ಕರೆಯುತ್ತಾರೆ.

ಇನ್‌ಕ್ಯುಬೇಟರ್ ಬಾಗಿಲು ತೆಗೆದರೆ ಬೆಚ್ಚಗಿನ ಹಳಸಲು ವಾಸನೆ. ಪ್ಲೇಟನ್ನು ಕಿಟಕಿ ಬೆಳಕಿಗೆ ಹಿಡಿದೆ. ಅಗಾರ್ ಅನ್ನುವ ಜೆಲ್ಲಿಯಂಥ ಪದರದ ಮೇಲೆ ಬ್ಯಾಕ್ಟೀರಿಯಾ ಒಂದೇ ಸಮ ಬೆಳೆದಿತ್ತು, ಮಂಜು ಕೂತ ಗಾಜಿನ ಹಾಗೆ. ಅದರಲ್ಲಿ ಮೊದಲೇ ಕೊರೆದಿಟ್ಟ ಆರು ಮಿಲಿಮೀಟರ್ ಗುಂಡಿಗಳಿರುತ್ತವೆ, ಒಂದೊಂದಕ್ಕೆ ಒಂದೊಂದು ಸೊಪ್ಪಿನ ಸಾರ. ಸಾರದಲ್ಲಿ ದಮ್ಮಿದ್ದರೆ ಗುಂಡಿಯ ಸುತ್ತ ಏನೂ ಬೆಳೆಯುವುದಿಲ್ಲ, ದುಂಡಗೆ ತಿಳಿಯಾದ ಜಾಗ ಉಳಿಯುತ್ತದೆ. ಅದೇ ಝೋನ್. ನನ್ನ ಐದೂ ಗುಂಡಿಗಳ ಸುತ್ತ ಝೋನ್ ಬಂದಿತ್ತು! ಸ್ಕೇಲ್ ಇಟ್ಟು ಅಳೆದೆ. ದೊಡ್ಡಪತ್ರೆ 16, ನೆಲ್ಲಿ 17, ಉಳಿದವು 13, 14. ಎರಡು ಬಗೆಯ ಬ್ಯಾಕ್ಟೀರಿಯಾ ಬೆಳೆಸಿದ್ದೆ: ಸ್ಟ್ಯಾಫಿಲೋಕಾಕಸ್ ಪ್ಲೇಟಿನಲ್ಲೂ ಹಾಗೇ, ಇ. ಕೋಲಿ ಪ್ಲೇಟಿನಲ್ಲೂ ಹೆಚ್ಚುಕಡಿಮೆ ಹಾಗೇ.

ಫೋಟೋ ತೆಗೆದು, ಪ್ರತಿ ಝೋನ್ ಪಕ್ಕ ಗಿಡದ ಹೆಸರು, ಮಿಲಿಮೀಟರ್ ಬರೆದು, ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಅತ್ತೆ ಕೂಡಲೇ ಫೋನ್ ಮಾಡಿದರು. "ನಾ ಹೇಳ್ಲಿಲ್ವನೇ ಮಾರಾಯ್ತಿ!"

ಹತ್ತೂವರೆಗೆ ಗೈಡ್ ಮೇಡಂ ಬಂದರು. ಪ್ಲೇಟ್ ಕೈಗೆ ತೆಗೆದುಕೊಂಡು ಐದೂ ಝೋನ್ ಬಿಟ್ಟು ನಡುವಿನ ಗುಂಡಿ ನೋಡಿದರು. "ಇದೇನು?"

"ಕಂಟ್ರೋಲ್ ಮೇಡಂ."

"ಇದಕ್ಯಾಕೆ ಝೋನ್ ಇದೆ?"

ನಿಜ ಹೇಳಬೇಕೆಂದರೆ ಬೆಳಿಗ್ಗೆ ನಾನೂ ಅದನ್ನು ನೋಡಿದ್ದೆ. ಕಂಟ್ರೋಲ್ ಗುಂಡಿಗೆ ಸೊಪ್ಪಿನ ಸಾರ ಹಾಕಿರುವುದಿಲ್ಲ. ಸಾರ ತೆಗೆಯಲು ಬಳಸಿದ ದ್ರವ ಮಾತ್ರ, ಅಂದರೆ ಬರೀ ಮೆಥನಾಲ್ ಅನ್ನುವ ಆಲ್ಕೋಹಾಲ್. ಅಲ್ಲಿ 13 ಮಿಲಿಮೀಟರ್ ಇತ್ತು. ಏನೋ ಪಕ್ಕದ ಗುಂಡಿಯಿಂದ ಹರಿದಿರಬೇಕು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡು, ಫೋಟೋದಲ್ಲಿ ಅದರ ಪಕ್ಕ ಏನೂ ಬರೆಯದೆ ಬಿಟ್ಟಿದ್ದೆ.

ಮೇಡಂ ಬೈಯಲಿಲ್ಲ. "ಬ್ಯಾಕ್ಟೀರಿಯಾ ಕೊಂದಿದ್ದು ನಿಮ್ಮ ಗಿಡ ಅಲ್ಲಮ್ಮ, ಮೆಥನಾಲ್" ಅಂದರು ಅಷ್ಟೇ. ಸೊಪ್ಪನ್ನು ಮೆಥನಾಲ್‌ನಲ್ಲಿ ನೆನೆಸಿ, ಸೋಸಿ, ಆ ಮೆಥನಾಲ್ ಪೂರ್ತಿ ಆರಿಸಿ, ಉಳಿದ ಜಿಗುಟನ್ನು ಬ್ಯಾಕ್ಟೀರಿಯಾಕ್ಕೆ ಅಷ್ಟಾಗಿ ತಾಗದ ದ್ರವವಾದ ಡಿಎಂಎಸ್‌ಒದಲ್ಲಿ ಕರಗಿಸಿ ಹಾಕಬೇಕಿತ್ತು. ನಾನು ಆತುರಕ್ಕೆ ಬಿದ್ದು ಸೋಸಿದ್ದನ್ನೇ ಹಾಕಿದ್ದೆ.

ಮತ್ತೆ ಶುರು. ವಾಟರ್ ಬಾತ್ ಅನ್ನುವ ಬಿಸಿನೀರಿನ ತೊಟ್ಟಿ ಮೇಲಿಟ್ಟು ಮೆಥನಾಲ್ ಆರಿಸಿದೆ. ಬಟ್ಟಲ ತಳದಲ್ಲಿ ಕಪ್ಪು ಹಸಿರು ಜಿಗುಟು, ಬಾಣಲೆಗೆ ಅಂಟಿದ ಕಾಕಂಬಿಯ ಹಾಗೆ. ಈ ಸಲ ಬರೀ ಡಿಎಂಎಸ್‌ಒ ಹಾಕಿದ್ದ ಕಂಟ್ರೋಲ್ ಗುಂಡಿಯ ಅಂಚಿನವರೆಗೂ ಬ್ಯಾಕ್ಟೀರಿಯಾ ಸೊಂಪಾಗಿ ಬೆಳೆದಿತ್ತು. ಜೀವನದಲ್ಲಿ ಬ್ಯಾಕ್ಟೀರಿಯಾ ಬೆಳೆದಿದ್ದು ನೋಡಿ ಖುಷಿಪಟ್ಟಿದ್ದು ಅದೇ ಮೊದಲು. ಆದರೆ ಉಳಿದ ಗುಂಡಿಗಳ ಕಥೆ ಬೇರೆ. ಇ. ಕೋಲಿ ಪ್ಲೇಟಿನಲ್ಲಿ ನೆಲ್ಲಿ ಬಿಟ್ಟರೆ ಏನೂ ಇಲ್ಲ. ಆ ಜಾತಿಯ ಬ್ಯಾಕ್ಟೀರಿಯಾಕ್ಕೆ ಹೊರಗೆ ಇನ್ನೊಂದು ಪೊರೆ ಇರುತ್ತದೆ, ಸುಲಭಕ್ಕೆ ಏನನ್ನೂ ಒಳಗೆ ಬಿಡುವುದಿಲ್ಲ. ಸ್ಟ್ಯಾಫಿಲೋಕಾಕಸ್ ಪ್ಲೇಟಿನಲ್ಲಿ ನೆಲ್ಲಿ ಚೆನ್ನಾಗಿತ್ತು, ಲಕ್ಕಿ ಒಂದಿಷ್ಟು. ದೊಡ್ಡಪತ್ರೆ ಸೊನ್ನೆ.

ಹುಷಾರಿಲ್ಲದಾಗೆಲ್ಲ ಅತ್ತೆ ನನಗೆ ಕುಡಿಸಿದ್ದು ಅದೇ ಸೊಪ್ಪು. ಎಲೆಯನ್ನು ಕೆಂಡದ ಮೇಲೆ ಒಂದು ಕ್ಷಣ ಬಾಡಿಸಿ, ಅಂಗೈಯಲ್ಲಿ ಹಿಂಡಿ, ಒಂದು ಚಮಚ ರಸಕ್ಕೆ ಜೇನು ಹಾಕಿ ಕೊಡುತ್ತಿದ್ದರು. ಸೊನ್ನೆ ಅಂದರೆ ಹೇಗೆ?

ಮೇಡಂ ಕೇಳಿದರು, "ಎಲೆ ಹೇಗೆ ಒಣಗಿಸಿದಿರಿ?"

ಆಗ ನೆನಪಾಯಿತು. ದೊಡ್ಡಪತ್ರೆ ದಪ್ಪ ಎಲೆ, ಒಳಗೆಲ್ಲ ನೀರು. ನೆರಳಲ್ಲಿ ಹರಡಿದರೆ ಒಣಗುವುದಿಲ್ಲ, ಕೊಳೆಯುತ್ತದೆ. ಹಾಗಾಗಿ ಓವನ್‌ನಲ್ಲಿ 70 ಡಿಗ್ರಿಗೆ ಇಟ್ಟಿದ್ದೆ, ಎರಡು ದಿನ. ಕಾರಿಡಾರ್ ತುಂಬಾ ಘಮ. ಅಟೆಂಡರ್ ಅಣ್ಣ ಬಂದು ಮೂಗು ಏರಿಸಿ, "ಏನಮ್ಮಾ, ಓವನ್‌ನಲ್ಲಿ ಓಂಕಾಳು ಹುರೀತಾ ಇದೀರಾ?" ಅಂತ ನಕ್ಕಿದ್ದರು. ನಾನೂ ನಕ್ಕಿದ್ದೆ. ಅವರ ಮೂಗು ಸರಿಯಾಗೇ ಹಿಡಿದಿತ್ತು. ಓಂಕಾಳಿನ ಘಾಟು ಥೈಮಾಲ್‌ದು. ದೊಡ್ಡಪತ್ರೆಯ ಎಣ್ಣೆಯಲ್ಲಿ ಇರುವುದೂ ಅದೇ ಥೈಮಾಲ್, ಮತ್ತೆ ಅದರ ಅಣ್ಣತಮ್ಮನಂಥ ಕಾರ್ವಕ್ರಾಲ್. ಬ್ಯಾಕ್ಟೀರಿಯಾಕ್ಕೆ ಏಟು ಕೊಡುವುದು ಮುಖ್ಯವಾಗಿ ಇವೇ. ಎರಡು ದಿನ ಕಾರಿಡಾರಿಗೆಲ್ಲ ಹಂಚಿಬಿಟ್ಟಿದ್ದೆ. ಉಳಿದಿದ್ದೇನಾದರೂ ಇದ್ದರೆ ವಾಟರ್ ಬಾತ್ ಮೇಲೆ ಹೋಗಿರುತ್ತದೆ.

ಮೇಡಂ ಆಗ ತು ಯೂಯೂ ಅನ್ನುವ ವಿಜ್ಞಾನಿಯ ವಿಷಯ ಹೇಳಿದರು. ಚೀನಾದಲ್ಲಿ ಮಲೇರಿಯಾಕ್ಕೆ ಔಷಧಿ ಹುಡುಕುತ್ತಿದ್ದಾಗ ಒಂದು ಗಿಡದ ಸಾರ ಒಮ್ಮೆ ಕೆಲಸ ಮಾಡುತ್ತಿತ್ತು, ಒಮ್ಮೆ ಇಲ್ಲ. ಆಮೇಲೆ ಆಕೆ 4ನೇ ಶತಮಾನದ ಗೆ ಹಾಂಗ್ ಎಂಬ ವೈದ್ಯ ಬರೆದಿದ್ದನ್ನು ಮತ್ತೆ ಓದಿದರು. ಒಂದು ಹಿಡಿ ಸೊಪ್ಪು ನೀರಲ್ಲಿ ನೆನೆಸಿ, ಹಿಂಡಿ, ರಸ ಕುಡಿಯಬೇಕು ಅಂತಿತ್ತು. ಕುದಿಸುವ ಮಾತೇ ಇಲ್ಲ. ಕಾಯಿಸಿದ್ದೇ ತಪ್ಪಿರಬೇಕು ಅಂತ ಕಡಿಮೆ ಬಿಸಿಗೇ ಆರುವ ಈಥರ್ ಬಳಸಿದರು. 1971ರಲ್ಲಿ ಕೆಲಸ ಮಾಡುವ ಸಾರ ಸಿಕ್ಕಿತು. ಅದರಿಂದ ಆಮೇಲೆ ಬೇರ್ಪಡಿಸಿದ ಮದ್ದೇ ಆರ್ಟಿಮಿಸಿನಿನ್, ಅದಕ್ಕೆ 2015ರಲ್ಲಿ ನೊಬೆಲ್.

ನನಗೆ ನೊಬೆಲ್ ಬರಲಿಲ್ಲ. ಹಾಸ್ಟೆಲ್ ಹಿಂದಿನ ಮನೆಯವರ ಕುಂಡದಿಂದ ಕೇಳಿ ತಂದ ಹಸಿ ಎಲೆ ಜಜ್ಜಿ, ಹಿಂಡಿ, ಬ್ಯಾಕ್ಟೀರಿಯಾ ನುಸುಳದ ಫಿಲ್ಟರಿನಲ್ಲಿ ಸೋಸಿ ಹಾಕಿದೆ. ಸ್ಟ್ಯಾಫಿಲೋಕಾಕಸ್ ಮೇಲೆ 11 ಮಿಲಿಮೀಟರ್ ಬಂತು. ಅದರಲ್ಲಿ ಗುಂಡಿಯದ್ದೇ ಆರು. ಎಣ್ಣೆಯಂಥದ್ದು ನೀರಿನಂಶದ ಅಗಾರ್‌ನಲ್ಲಿ ದೂರ ಹರಡುವುದೇ ಇಲ್ಲ, ಹಾಗಾಗಿ ಸಣ್ಣ ಝೋನ್ ಅಂದರೆ ಶಕ್ತಿ ಕಮ್ಮಿ ಅಂತಲೂ ಹೇಳುವ ಹಾಗಿಲ್ಲ. ಪ್ಲೇಟಿನ ಬ್ಯಾಕ್ಟೀರಿಯಾ ಬೇರೆ, ಕೆಮ್ಮುವ ಮಗು ಬೇರೆ ಅನ್ನುವುದಂತೂ ಇದ್ದೇ ಇದೆ.

ಆಂಟಿಆಕ್ಸಿಡೆಂಟ್ ಭಾಗ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅದರ ಮೇಲೆ ನನಗೆ ಅಷ್ಟು ಗೌರವ ಉಳಿದಿಲ್ಲ. ಡಿಪಿಪಿಎಚ್ ಅಂತ ಗಾಢ ನೇರಳೆ ದ್ರವ. ಅದಕ್ಕೆ ಸಾರ ಹಾಕಿ ಅರ್ಧ ಗಂಟೆ ಕತ್ತಲಲ್ಲಿಟ್ಟು, 517 ನ್ಯಾನೋಮೀಟರ್ ಬೆಳಕು ಹಾಯಿಸಿ ಎಷ್ಟು ಬಣ್ಣ ಉಳಿದಿದೆ ನೋಡುವುದು. ಆಂಟಿಆಕ್ಸಿಡೆಂಟ್ ಜಾಸ್ತಿ ಇದ್ದರೆ ನೇರಳೆ ಹೋಗಿ ಹಳದಿಯಾಗುತ್ತದೆ. ನೆಲ್ಲಿ ಎಲ್ಲಕ್ಕಿಂತ ಮುಂದಿತ್ತು. ನನ್ನ ಗೆಳತಿ ಸುಮ್ನೆ ತಮಾಷೆಗೆ ಅಂತ ಕ್ಯಾಂಟೀನಿನ ಟೀ ಡಿಕಾಕ್ಷನ್ ನಾಲ್ಕು ಹನಿ ಹಾಕಿದಳು. ಕಣ್ಣೆದುರೇ ಹಳದಿ! ಡಿಪಿಪಿಎಚ್ ಅನ್ನುವ ವಸ್ತು ನಮ್ಮ ಮೈಯಲ್ಲಿ ಎಲ್ಲೂ ಇಲ್ಲ, ಅಲ್ವಾ? ಅದರ ಬಣ್ಣ ಹೋಯಿತು ಅಂತ ಕ್ಯಾನ್ಸರ್‌ವರೆಗೂ ಮಾತಾಡುವವರನ್ನು ಕಂಡರೆ ನನಗೆ ಆ ಟೀ ನೆನಪಾಗುತ್ತದೆ.

ವೈವಾದಲ್ಲಿ ಪರೀಕ್ಷಕರು ಒಂದೇ ಪ್ರಶ್ನೆಗೆ ನನ್ನನ್ನು ಕೂರಿಸಿದರು. "ನೆಲ್ಲಿಕಾಯಿ ಹುಳಿ. ಝೋನ್ ಹುಳಿಗೆ ಬಂತೋ, ಔಷಧಿಗುಣಕ್ಕೆ ಬಂತೋ? ಪಕ್ಕದಲ್ಲಿ ನಿಂಬೆರಸ ಇಟ್ಟು ನೋಡಿದ್ರಾ?" ಇಟ್ಟಿರಲಿಲ್ಲ.

ಇಷ್ಟೆಲ್ಲ ಆದಮೇಲೆ ಮನೆಯ ಗುಂಪಿನಲ್ಲಿ ಬರೆದೆ, ಮೊದಲ ಫೋಟೋ ತಪ್ಪು, ಯಾರಿಗೂ ಕಳಿಸಬೇಡಿ ಅಂತ. ಇಬ್ಬರು ಹೆಬ್ಬೆರಳು ಒತ್ತಿದರು. ಅಷ್ಟರಲ್ಲಿ ಅಪ್ಪ ಅದನ್ನು ಎಲ್ಲೆಲ್ಲಿಗೋ ಕಳಿಸಿಯಾಗಿತ್ತು.

ಹೋದ ವರ್ಷ ಸಾಗರದಲ್ಲಿ ಒಂದು ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ಪಕ್ಕ ಕೂತ ಹಿರಿಯರೊಬ್ಬರು, ನಾನು ಮೈಕ್ರೋಬಯಾಲಜಿ ಅಂತ ಗೊತ್ತಾದ ಕೂಡಲೇ ಎಡಗೈಯಲ್ಲಿ ಮೊಬೈಲ್ ತೆಗೆದು ತೋರಿಸಿದರು. ನನ್ನದೇ ಪ್ಲೇಟು, ನನ್ನದೇ ಅಕ್ಷರ. ದೊಡ್ಡಪತ್ರೆ, 16 ಮಿ.ಮೀ. ಅವರು ಅದನ್ನು ಓದಿದ ಮೇಲೆ ದಿನಾ ಬೆಳಿಗ್ಗೆ ಎರಡು ಎಲೆ ತಿನ್ನುತ್ತಾರಂತೆ.

"ಇದು ದೊಡ್ಡಪತ್ರೆಯಿಂದ ಬಂದಿದ್ದಲ್ಲ, ಮೆಥನಾಲ್‌ನಿಂದ" ಅಂದೆ.

ಅವರು ತಂಬುಳಿ ಕಲಸುವುದನ್ನು ನಿಲ್ಲಿಸಿ ಕೇಳಿದರು, "ಹೌದಾ? ಆ ಗಿಡ ನಮ್ಮ ಕಡೆ ಸಿಗುತ್ತಾ?"