ಕ್ಯಾಂಡಿಡಾ ಆರಿಸ್: ಅಂಟುವ ಮೊದಲ ತೊಂಬತ್ತು ನಿಮಿಷ

ಕ್ಯಾಂಡಿಡಾ ಆರಿಸ್ ಎಂಬ ಯೀಸ್ಟ್ (ರೋಗ ತರುವ ಶಿಲೀಂಧ್ರ) ಎಂದ ಕೂಡಲೇ ಮಾತು ಔಷಧ ನಿರೋಧದ ಕಡೆ ತಿರುಗುತ್ತದೆ. ಶಿಲೀಂಧ್ರನಾಶಕ ಔಷಧ ಫ್ಲುಕೊನಜೋಲ್‌ಗೆ ಅದರ ಬಹುಪಾಲು ತಳಿಗಳು ಜಗ್ಗುವುದಿಲ್ಲ, ನಿಜ. ಆದರೆ ಕ್ಯಾಥೆಟರ್, ಮಂಚದ ಸರಳು, ಚರ್ಮ ಇವನ್ನೆಲ್ಲ ಅದು ಬಿಡದೆ ಹಿಡಿದುಕೊಳ್ಳುವುದು ಮೇಲ್ಮೈ ಪ್ರೋಟೀನ್‌ಗಳ ಬಲದಿಂದ.

ಅದರ ಸಂಬಂಧಿ ಕ್ಯಾಂಡಿಡಾ ಆಲ್ಬಿಕನ್ಸ್ ಎಳೆ ಬಿಟ್ಟು ದಪ್ಪ ಬಯೋಫಿಲ್ಮ್ (ಮೇಲ್ಮೈಗೆ ಅಂಟಿದ ಕೋಶಗಳ ಪದರ) ಹೆಣೆಯುತ್ತದೆ. ಆರಿಸ್ ಎಳೆ ಬಿಡುವುದೇ ಅಪರೂಪ; ಅದರ ಪದರ ತೆಳು, ಬಹುತೇಕ ಯೀಸ್ಟ್ ಕೋಶಗಳದ್ದೇ. ಅಂಟುವ ಬಗೆಯೂ ಬೇರೆ. 2023ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ತಂಡ ವರ್ಣಿಸಿದ ಎಸ್‌ಸಿಎಫ್1 ಎಂಬ ಪ್ರೋಟೀನ್ ಧನ ಆವೇಶದ ಅಮೈನೊ ಆಮ್ಲಗಳ ನೆರವಿನಿಂದ ಮೇಲ್ಮೈಯನ್ನು ಹಿಡಿಯುತ್ತದೆ. ಪರಿಚಿತ ಶಿಲೀಂಧ್ರ ಅಂಟುಪ್ರೋಟೀನ್‌ಗಳು ಹೆಚ್ಚಾಗಿ ನೆಚ್ಚುವುದು ನೀರನ್ನು ದೂರವಿಡುವ ಗುಣವನ್ನು. ಆವೇಶದ ಆಟ ಇದಾದ್ದರಿಂದ, ಅಂಟುವುದನ್ನು ಅಳೆಯುವ ಪ್ರಯೋಗದಲ್ಲಿ ಕೋಶ ತೊಳೆಯುವ ದ್ರಾವಣದ (ಬಫರ್) ಲವಣಾಂಶ ಪ್ರತಿ ಸಲವೂ ಒಂದೇ ಇರಲಿ.

ಇದರ ಜೊತೆಗೆ ಎಎಲ್‌ಎಸ್ ಎಂಬ ಅಂಟುಪ್ರೋಟೀನ್‌ಗಳ ಕುಟುಂಬವೂ ಇದೆ. ಎಎಲ್‌ಎಸ್4 ಜೀನ್‌ನ ಪ್ರತಿಗಳು ಹೆಚ್ಚಾಗಿ, ಅದರಿಂದಲೇ ಹೆಚ್ಚು ಅಂಟುವ ತಳಿಗಳು ರೋಗಿಗಳಲ್ಲೇ ಸಿಕ್ಕಿವೆ. ಹಾಗಾಗಿ ಒಂದೇ ತಳಿ ಬೆಳೆಸಿ 'ಆರಿಸ್ ಹೀಗೆ' ಎಂದು ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಕನಿಷ್ಠ ಬೇರೆ ಬೇರೆ ಕ್ಲೇಡ್‌ಗಳ (ವಂಶ ಕವಲುಗಳ) ಮೂರು ತಳಿಗಳಾದರೂ ಬೇಕು.

ಅಂಟುವುದನ್ನು ಅಳೆಯಲು 96 ಗುಳಿಯ ತಟ್ಟೆ ಸಾಕು. ರಾತ್ರಿಯಿಡೀ 30 ಡಿಗ್ರಿಯಲ್ಲಿ ಬೆಳೆದ ಕೋಶಗಳನ್ನು ಪಿಬಿಎಸ್‌ನಲ್ಲಿ (ಫಾಸ್ಫೇಟ್ ಬಫರಿನ ಲವಣ ದ್ರಾವಣ) ಎರಡು ಸಲ ತೊಳೆದು, ಪಿಎಚ್ 7ಕ್ಕೆ ನಿಲ್ಲಿಸಿದ ಆರ್‌ಪಿಎಂಐ-1640 ಎಂಬ ಪೋಷಕ ಮಾಧ್ಯಮದಲ್ಲಿ ಮಿಲಿಲೀಟರಿಗೆ 10 ಲಕ್ಷ ಕೋಶಗಳಂತೆ ಕಲೆಸಿ, ಗುಳಿಗೆ 100 ಮೈಕ್ರೊಲೀಟರ್ ಹಾಕಿ. 37 ಡಿಗ್ರಿಯಲ್ಲಿ 90 ನಿಮಿಷ ಅಲುಗಿಸದೆ ಇಟ್ಟು, ಅಂಟದವನ್ನು ತೊಳೆದು, ಹೊಸ ಮಾಧ್ಯಮದಲ್ಲಿ 24 ಗಂಟೆ ಬಿಡಿ. ಅಂಚಿನ ಗುಳಿಗಳು ಬೇಗ ಆರುತ್ತವೆ. ಅಲ್ಲಿ ಬರೀ ಪಿಬಿಎಸ್ ತುಂಬಿ.

ಎಡವಟ್ಟಾಗುವುದು ಹೆಚ್ಚಾಗಿ ಎಣಿಕೆಯಲ್ಲೇ. ಕೆಲವು ತಳಿಗಳ ಮರಿಕೋಶ ತಾಯಿಯಿಂದ ಕಳಚಿಕೊಳ್ಳದೆ ಗಂಟುಗಟ್ಟುತ್ತದೆ, ವೋರ್ಟೆಕ್ಸ್ ಯಂತ್ರದಲ್ಲಿ ಜೋರಾಗಿ ಕಲಕಿದರೂ ಬಿಡುವುದಿಲ್ಲ. ಇಪ್ಪತ್ತು ಕೋಶಗಳ ಗಂಟನ್ನು ಒಂದೆಂದು ಎಣಿಸಿದರೆ ಗುಳಿಗೆ ಬೀಳುವ ಪ್ರಮಾಣವೇ ತಪ್ಪು. ದ್ರವವನ್ನು ನಿಲ್ಲಿಸಿ ಮೇಲಿನ ತಿಳಿ ತೆಗೆದುಕೊಳ್ಳುವ ಉಪಾಯವೂ ಬೇಡ; ಒಂಟಿ ಕೋಶಗಳನ್ನಷ್ಟೇ ಆರಿಸಿಕೊಂಡಂತಾಗುತ್ತದೆ. ಅಂಥ ತಳಿಯನ್ನು ಗಂಟುಗಟ್ಟದ ತಳಿಯ ಪಕ್ಕ ಒಂದೇ ಪಟ್ಟಿಯಲ್ಲಿ ಇಡದಿರುವುದೇ ಪ್ರಾಮಾಣಿಕತೆ.

ತೊಳೆಯುವಾಗ ಪಿಪೆಟ್ ತುದಿ ಗುಳಿಯ ತಳಕ್ಕೆ ತಾಗಬಾರದು, ಗೋಡೆಗೆ ಒರಗಿರಲಿ. ತಾಗಿದರೆ ತೆಳು ಪದರ ಹಾಗೇ ಸಿಪ್ಪೆಯಂತೆ ಎದ್ದುಬರುತ್ತದೆ, ಆಮೇಲೆ 'ಈ ಮ್ಯುಟೆಂಟ್ (ಜೀನ್ ಬದಲಾದ ತಳಿ) ಅಂಟುವುದಿಲ್ಲ' ಎಂಬ ಸುಳ್ಳು ತೀರ್ಮಾನ.

ಕೊನೆಗೆ ಮಿಲಿಲೀಟರಿಗೆ 0.5 ಮಿಲಿಗ್ರಾಂ ಎಕ್ಸ್‌ಟಿಟಿ (ಬದುಕಿರುವ ಕೋಶಗಳು ಬಣ್ಣ ತರಿಸುವ ರಾಸಾಯನಿಕ), ಅದಕ್ಕೆ ನೆರವಾಗುವ 1 ಮೈಕ್ರೊಮೋಲಾರ್ ಮೆನಡಿಯೋನ್. ಕತ್ತಲಲ್ಲಿ ಎರಡು ಗಂಟೆ. 80 ಮೈಕ್ರೊಲೀಟರ್ ಹೊಸ ತಟ್ಟೆಗೆ ದಾಟಿಸಿ 490 ನ್ಯಾನೊಮೀಟರ್‌ನಲ್ಲಿ ಓದಿ. ಇದು ತೋರಿಸುವುದು ಬದುಕಿರುವ ಕೋಶಗಳ ಚಟುವಟಿಕೆಯನ್ನು. ಕ್ರಿಸ್ಟಲ್ ವಯಲೆಟ್ ಎಂಬ ಬಣ್ಣವಾದರೋ ಸತ್ತದ್ದನ್ನೂ ಲೋಳೆಯನ್ನೂ ಸೇರಿಸಿ ಬಣ್ಣ ಕಟ್ಟುತ್ತದೆ. ಔಷಧ ಹಾಕಿದ ಮೇಲೆ ಮೊದಲನೆಯದು ಇಳಿದು ಎರಡನೆಯದು ಹಾಗೇ ನಿಂತರೆ ಗಾಬರಿ ಬೇಡ: ಕೋಶ ಸತ್ತಿದೆ, ಪದರ ಕಳಚಿಲ್ಲ. ಆ ಪದರದ ಮ್ಯಾನನ್-ಗ್ಲುಕನ್ ಲೋಳೆ ಔಷಧವನ್ನು ಹಿಡಿದಿಟ್ಟುಕೊಳ್ಳುವುದರಿಂದ, ತೇಲುವ ಕೋಶಗಳ ಎಂಐಸಿ (ಬೆಳವಣಿಗೆ ತಡೆಯುವ ಕನಿಷ್ಠ ಔಷಧ ಪ್ರಮಾಣ) ನೋಡಿ ಬಯೋಫಿಲ್ಮ್‌ಗೆ ಪ್ರಮಾಣ ನಿರ್ಧರಿಸಲಾಗದು.

ಕೆಲಸ ಮುಗಿದ ಮೇಜಿಗೆ ಕ್ವಾಟರ್ನರಿ ಅಮೋನಿಯಂ ಸೋಂಕುನಿವಾರಕ ದ್ರಾವಣವೊಂದನ್ನೇ ನೆಚ್ಚಬೇಡಿ. ಕ್ಲೋರಿನ್ ಆಧಾರಿತದ್ದನ್ನು ಬಳಸಿ, ಲೇಬಲ್ ಹೇಳಿದಷ್ಟು ಹೊತ್ತು ಒದ್ದೆಯಾಗಿಯೇ ಬಿಡಿ.